ಮಧುವಿನ ರಾಣಿ, ಕವಿಯ ಮಗಳು: ಐರ್ಲೆಂಡಿನ ಹಳೆಯ ಹೆಣ್ಣು ಹೆಸರುಗಳ ಕಥೆ

ಡರ್ವ್ಲಾ ಮರ್ಫಿ ಎಂಬ ಹೆಸರು ಕೊಡಗಿನ ಹಿರಿಯ ಓದುಗರಲ್ಲಿ ಕೆಲವರಿಗಾದರೂ ನೆನಪಿದ್ದೀತು. ಐರ್ಲೆಂಡಿನ ಲಿಸ್ಮೋರ್ ಎಂಬ ಸಣ್ಣ ಊರಿನ ಈ ಪ್ರವಾಸ ಲೇಖಕಿ 1963ರಲ್ಲಿ ಸೈಕಲ್ ತುಳಿಯುತ್ತಲೇ ಭಾರತ ತಲುಪಿದ ಗಟ್ಟಿಗಿತ್ತಿ. ಮುಂದಿನ ದಶಕದ ಆರಂಭದಲ್ಲಿ ಐದು ವರ್ಷದ ಮಗಳನ್ನು ಕರೆದುಕೊಂಡು ದಕ್ಷಿಣ ಭಾರತಕ್ಕೆ ಬಂದು, ಕೊಡಗಿನಲ್ಲಿ ನೆಲೆನಿಂತು, ಆ ಅನುಭವವನ್ನು 'ಆನ್ ಎ ಶೂಸ್ಟ್ರಿಂಗ್ ಟು ಕೂರ್ಗ್' ಎಂಬ ಪುಸ್ತಕವಾಗಿಸಿದರು. ಅದು ಪ್ರಕಟವಾದದ್ದು 1976ರಲ್ಲಿ. 2022ರ ಮೇ ತಿಂಗಳಲ್ಲಿ ಅವರು ನಿಧನರಾದಾಗ ಜಗತ್ತಿನ ಪತ್ರಿಕೆಗಳೆಲ್ಲ ಅವರ ಸೈಕಲ್ಲಿನ ಬಗ್ಗೆ ಬರೆದವು. ಹೆಸರಿನ ಬಗ್ಗೆ ಬರೆದವರು ವಿರಳ.

ಡರ್ವ್ಲಾ ಎಂಬ ಇಂದಿನ ರೂಪದೊಳಗೆ ಎರಡು ಹಳೆಯ ಹೆಸರುಗಳು ಬೆರೆತುಹೋಗಿವೆ. ಒಂದರ ಅರ್ಥ 'ಕವಿಯ ಮಗಳು'. ಇನ್ನೊಂದರ ಅರ್ಥ 'ಫಾಲ್‌ನ ಮಗಳು'. ಫಾಲ್ ಎಂದರೆ ಕಾವ್ಯಭಾಷೆಯಲ್ಲಿ ಐರ್ಲೆಂಡ್ ದೇಶವೇ. ಎರಡರಲ್ಲೂ ಮೊದಲಿಗಿರುವ 'ಡೆರ್' ಎಂಬ ತುಣುಕು ಹಳೆಯ ಐರಿಷ್ ಭಾಷೆಯಲ್ಲಿ ಮಗಳು ಎಂಬುದಕ್ಕಿದ್ದ ಶಬ್ದ. ಜನಕನ ಮಗಳು ಜಾನಕಿ, ಪರ್ವತನ ಮಗಳು ಪಾರ್ವತಿ ಎಂದು ನಾವು ಪ್ರತ್ಯಯದಿಂದ ಸಾಧಿಸುವುದನ್ನು ಅವರು ಶಬ್ದವನ್ನು ಮುಂದಿಟ್ಟು ಸಾಧಿಸುತ್ತಿದ್ದರು. ಕಿಲ್‌ಡೇರ್ ಮಠದಲ್ಲಿ ಸಂತ ಬ್ರಿಜಿಡ್‌ಳ ಉತ್ತರಾಧಿಕಾರಿಣಿಯಾದ ಡೆರ್ ಲುಗ್ದಾಕ್ ಕ್ರೈಸ್ತ ಸನ್ಯಾಸಿನಿ. ಆದರೆ ಆಕೆಯ ಹೆಸರಿನಲ್ಲಿ ಅಡಗಿ ಕುಳಿತಿದ್ದವನು ಹಳೆಯ ದೇವತೆ ಲುಗ್.

ಐರ್ಲೆಂಡಿನ ಹೆಣ್ಣು ಹೆಸರುಗಳ ಸ್ವಾರಸ್ಯವೇ ಇದು. ಒಂದನ್ನು ಕೆದಕಿದರೆ ಕೆಳಗೆ ಇನ್ನೊಂದು ಕಾಲ ಕಾಣಿಸುತ್ತದೆ. ಆದರೆ ಕೆದಕುವಾಗ ಎಚ್ಚರವೂ ಬೇಕು. ಮಕ್ಕಳಿಗೆ ಹೆಸರು ಸೂಚಿಸುವ ಪುಸ್ತಕಗಳು ಅಲ್ಲಿಯೂ ಇವೆ. ನಮ್ಮಲ್ಲಿಯಂತೆಯೇ ಅವು ಎಲ್ಲ ಹೆಸರಿಗೂ ಚೆಂದದ ಅರ್ಥವೊಂದನ್ನು ಹಚ್ಚಿಬಿಡುತ್ತವೆ. ಈ ಕ್ಷೇತ್ರದಲ್ಲಿ ವಿದ್ವಾಂಸರು ನಂಬುವ ಕೈಪಿಡಿ 1981ರಲ್ಲಿ ಡೊನಖಾ ಓ ಕೋರಾಯ್ನ್ ಮತ್ತು ಫಿಡೆಲ್ಮಾ ಮಗ್ವೈರ್ ಸೇರಿ ಸಿದ್ಧಪಡಿಸಿದ ಗೇಲಿಕ್ ವ್ಯಕ್ತಿನಾಮಗಳ ಕೋಶ. (ಇಬ್ಬರಲ್ಲಿ ಎರಡನೆಯವರ ಹೆಸರೇ ಕೋಶದೊಳಗಿನ ಒಂದು ಹಳೆಯ ಹೆಣ್ಣು ಹೆಸರು. ಪುರಾಣದಲ್ಲಿ ಫೆಡೆಲ್ಮ್ ಭವಿಷ್ಯ ನುಡಿಯುವ ಕವಯಿತ್ರಿ.)

ಸಂಸ್ಕೃತದ ದೂರದ ನೆಂಟರು

ಕನ್ನಡ ಓದುಗರಿಗೆ ಅತಿ ಹತ್ತಿರವೆನಿಸುವ ಹೆಸರು ಮೇವ್. ಹಳೆಯ ರೂಪ ಮೆದ್ವ್. ಜೇನಿನಿಂದ ಮಾಡಿದ ಮದ್ಯಕ್ಕೆ ಕೆಲ್ಟಿಕ್ ಭಾಷೆಗಳಲ್ಲಿದ್ದ ಶಬ್ದದಿಂದ ಹುಟ್ಟಿದ ಈ ಹೆಸರಿಗೆ 'ಮತ್ತೇರಿಸುವವಳು' ಎಂದು ಅರ್ಥ. ಅದೇ ಮೂಲದಿಂದ ಸಂಸ್ಕೃತದಲ್ಲಿ ಹುಟ್ಟಿದ್ದು ನಮ್ಮ 'ಮಧು'. ಮೇವ್ ಪುರಾಣದ ಪ್ರಕಾರ ಪಶ್ಚಿಮ ಐರ್ಲೆಂಡಿನ ಕೊನಾಕ್ಟ್ ಪ್ರಾಂತ್ಯದ ರಾಣಿ. ಒಂದು ರಾತ್ರಿ ಹಾಸಿಗೆಯಲ್ಲಿ ಮಲಗಿ ಗಂಡನೊಂದಿಗೆ ಯಾರ ಆಸ್ತಿ ಹೆಚ್ಚು ಎಂಬ ವಾದಕ್ಕಿಳಿಯುತ್ತಾಳೆ. ಎಲ್ಲವನ್ನೂ ತಂದು ಎಣಿಸಿದರೆ ಲೆಕ್ಕ ಸರಿಸಮ. ಆದರೆ ಗಂಡನ ಮಂದೆಯಲ್ಲಿ ಬಿಳಿಯ ಕೊಂಬಿನ ಹೋರಿಯೊಂದು ಹೆಚ್ಚಿಗಿದೆ. ಅದಕ್ಕೆ ಸರಿಜೋಡಿಯಾದ ಹೋರಿಗಾಗಿ ನೆರೆಯ ಅಲ್ಸ್ಟರ್ ಪ್ರಾಂತ್ಯದ ಮೇಲೆ ದಂಡೆತ್ತಿ ಹೋಗುತ್ತಾಳೆ. ವೀರಗಲ್ಲುಗಳ ತುರುಗೊಳ್ ಕಾಳಗ, ವಿರಾಟಪರ್ವದ ಗೋಗ್ರಹಣ ಬಲ್ಲ ನಮಗೆ ಗೋವಿಗಾಗಿ ಯುದ್ಧವೆಂದರೆ ಅಚ್ಚರಿಯಾಗದು. ಆದರೆ ಅದನ್ನು ಹೂಡಿದವಳು ಹೆಣ್ಣು, ಅದೂ ಗಂಡನಿಗೆ ಸರಿಸಮಳೆಂದು ಸಾಧಿಸಲು, ಎಂಬುದು ಬೇರೆಯೇ ಮಾತು. ಸ್ಲೈಗೋ ಸಮೀಪದ ನಾಕ್‌ನರೇ ಬೆಟ್ಟದ ಮೇಲಿನ ಬೃಹತ್ ಕಲ್ಲುಗುಪ್ಪೆಯನ್ನು ಜನ ಇಂದಿಗೂ ಆಕೆಯ ಸಮಾಧಿ ಎನ್ನುತ್ತಾರೆ. 1977ರಲ್ಲಿ ಬಂದ ಒಂದು ಪೌಂಡಿನ ಐರಿಷ್ ನೋಟಿನ ಮೇಲಿದ್ದುದೂ ಆಕೆಯದೇ ಚಿತ್ರ.

ಬ್ರಿಜಿಡ್ ಎಂಬುದು ಇನ್ನೂ ದೊಡ್ಡ ಹೆಸರು, ಅಕ್ಷರಶಃ ದೊಡ್ಡದು. ಹಳೆಯ ರೂಪ ಬ್ರಿಗಿಟ್. ಅದಕ್ಕೂ ಹಿಂದಿನ ಕೆಲ್ಟಿಕ್ ರೂಪ 'ಬ್ರಿಗಂತೀ'. 'ಉನ್ನತಳು' ಎಂದು ಅರ್ಥ. ಸಂಸ್ಕೃತದಲ್ಲಿ ಇದಕ್ಕೆ ಸಮನಾದದ್ದು 'ಬೃಹತೀ'. ಕ್ರಿ.ಶ. 900ರ ಆಸುಪಾಸಿನ, ಕ್ಯಾಶೆಲ್‌ನ ಅರಸನೂ ಬಿಷಪ್ಪನೂ ಆಗಿದ್ದ ಕೊರ್ಮಾಕ್‌ನ ಹೆಸರಿನಲ್ಲಿರುವ ಶಬ್ದಕೋಶ ಈಕೆಯನ್ನು ಕವಿಗಳು ಪೂಜಿಸುತ್ತಿದ್ದ ದೇವತೆ ಎನ್ನುತ್ತದೆ. ವೈದ್ಯಕ್ಕೆ ಒಬ್ಬಳು, ಕಮ್ಮಾರಿಕೆಗೆ ಒಬ್ಬಳು, ಹೀಗೆ ಅದೇ ಹೆಸರಿನ ಇಬ್ಬರು ಸೋದರಿಯರೂ ಆಕೆಗಿದ್ದರಂತೆ. ಮುಂದೆ ಕಿಲ್‌ಡೇರ್‌ನ ಸಂತಳ ಹೆಸರಾಗಿ ಅದೇ ಶಬ್ದ ಐರ್ಲೆಂಡನ್ನೆಲ್ಲ ಆವರಿಸಿತು. ಸಂತಳ ಹಬ್ಬ ಫೆಬ್ರುವರಿ 1. ಕ್ರೈಸ್ತಪೂರ್ವ ಕಾಲದ ವಸಂತಾರಂಭದ ಹಬ್ಬವೂ ಅದೇ ದಿನ. 2023ರಿಂದ ಆ ಹಬ್ಬಕ್ಕೆ ಐರ್ಲೆಂಡಿನಲ್ಲಿ ಸಾರ್ವಜನಿಕ ರಜೆ ಇದೆ.

ವಿಚಿತ್ರವೆಂದರೆ, ಇಷ್ಟು ಪೂಜ್ಯವಾದ ಹೆಸರನ್ನು ಹಳೆಯ ಕಾಲದ ಐರಿಷ್ ಜನ ನೇರವಾಗಿ ಮಕ್ಕಳಿಗೆ ಇಡಲು ಹಿಂಜರಿಯುತ್ತಿದ್ದರು. ಬದಲಿಗೆ 'ಮೇಲ್ ಬ್ರಿಗ್ತೆ', ಅಂದರೆ ಬ್ರಿಗಿಟ್‌ಳ ದಾಸ ಎಂದಿಡುತ್ತಿದ್ದರು. 'ಮೇಲ್' ಶಬ್ದದ ಮೂಲಾರ್ಥ ಬೋಳುತಲೆ. ಮುಡಿ ಕೊಟ್ಟ ಭಕ್ತ ಎಂಬ ಭಾವ. ಮೇರಿಯ ವಿಷಯದಲ್ಲೂ ಹಾಗೆಯೇ: 'ಮೇಲ್ ಮುರೆ', ಮೇರಿಯ ದಾಸ ಅಥವಾ ದಾಸಿ. ಈ ಹೆಸರು ಗಂಡಿಗೂ ಇತ್ತು, ಹೆಣ್ಣಿಗೂ ಇತ್ತು. ಸ್ಕಾಟ್ಲೆಂಡಿನ ಅರಸ ಕೆನೆತ್ ಮ್ಯಾಕಾಲ್ಪಿನ್‌ನ ಮಗಳು, 913ರಲ್ಲಿ ತೀರಿಕೊಂಡ ರಾಣಿ, ಒಬ್ಬ ಮೇಲ್ ಮುರೆ. ಐರಿಷ್ ಕಥೆಗಳ ಅತಿ ಪ್ರಾಚೀನ ಹಸ್ತಪ್ರತಿ ಸಂಪುಟವನ್ನು ನಕಲು ಮಾಡಿ, 1106ರಲ್ಲಿ ಕ್ಲೊನ್‌ಮ್ಯಾಕ್‌ನೊಯಿಸ್ ಮಠದಲ್ಲಿ ದಾಳಿಕೋರರಿಗೆ ಬಲಿಯಾದ ಲಿಪಿಕಾರ ಇನ್ನೊಬ್ಬ ಮೇಲ್ ಮುರೆ. ಇಂದಿಗೂ ಐರಿಷ್ ಭಾಷೆಯಲ್ಲಿ ಏಸುವಿನ ತಾಯಿ 'ಮುರೆ', ಮನೆಯ ಮಗಳು 'ಮಾರಾ'. ದೇವರ ಹೆಸರನ್ನು ಮಗನಿಗಿಟ್ಟು, ಸಾಯುವಾಗ ಮಗನನ್ನು ಕೂಗಿಯೇ ಮುಕ್ತಿ ಪಡೆದ ಅಜಾಮಿಳನ ಕಥೆ ಹೇಳುವ ನಮ್ಮ ನಾಡಿಗೂ ಅವರಿಗೂ ಇಲ್ಲಿ ಪೂರ್ತಿ ವಿರುದ್ಧ ದಿಕ್ಕು.

ನೆಂಟಸ್ತನದ ಪಟ್ಟಿ ಇನ್ನೂ ಇದೆ. ಸೈವ್, ಹಳೆಯ ರೂಪ ಸದ್ವ್: ಅರ್ಥ 'ಸಿಹಿಯಾದವಳು', ಸಂಸ್ಕೃತದ 'ಸ್ವಾದು'ವಿನ ಸೋದರಿ. ರೀನಖ್: 'ರಾಣಿಯಂಥವಳು', ಇದರ ಹಿಂದಿನ ಶಬ್ದ ಸಂಸ್ಕೃತದ 'ರಾಜ್ಞೀ'ಯ ಜೊತೆಗಾರ. ಇದನ್ನೆಲ್ಲ ಓದಿ ಐರ್ಲೆಂಡಿಗೆ ಸಂಸ್ಕೃತ ಹೋಗಿತ್ತು ಎಂದು ಯಾರೂ ಹೊರಡಬೇಕಿಲ್ಲ. 1786ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದವು ಎಂದು ಹೇಳುವಾಗ ಕೆಲ್ಟಿಕ್ ಭಾಷೆಯೂ ಅದೇ ಕುಟುಂಬದ್ದಿರಬಹುದು ಎಂದಿದ್ದರು. 1853ರಲ್ಲಿ ಯೋಹಾನ್ ಕಾಸ್ಪರ್ ಜೋಯಿಸ್ ಎಂಬ ಜರ್ಮನ್ ವಿದ್ವಾಂಸ ಹಳೆಯ ಐರಿಷ್ ಹಸ್ತಪ್ರತಿಗಳನ್ನು ಆಧರಿಸಿ ಕೆಲ್ಟಿಕ್ ವ್ಯಾಕರಣ ಬರೆದು ಆ ಭಾಷೆಗಳ ಅಧ್ಯಯನಕ್ಕೆ ತಳಪಾಯ ಹಾಕಿದರು. ಇವು ಒಂದೇ ಅಜ್ಜಿಯ ಮೊಮ್ಮಕ್ಕಳು, ಅಷ್ಟೆ. ಕನ್ನಡವಂತೂ ಬೇರೆ ಮನೆತನದ್ದು. ನಮಗೆ ಈ ನೆಂಟಸ್ತನ ಬಂದಿರುವುದು ಸಂಸ್ಕೃತದಿಂದ ಪಡೆದ ಶಬ್ದಗಳ ಮೂಲಕ.

ಕಿವಿಗೆ ಒಂದೇ ಎನಿಸುವುದು ನೆಂಟಸ್ತನಕ್ಕೆ ಸಾಕ್ಷಿಯಲ್ಲ ಎಂಬುದಕ್ಕೆ ಶೀಲಾ ಒಳ್ಳೆಯ ಉದಾಹರಣೆ. ನಮ್ಮ ಶೀಲಾ 'ನಡತೆ'ಯಿಂದ ಬಂದವಳು. ಐರ್ಲೆಂಡಿನ ಶೀಲಾ ಲ್ಯಾಟಿನ್ನಿನ ಸಿಸೀಲಿಯಾ ಹೆಸರಿನ ಐರಿಷ್ ರೂಪ. ಅದರ ಮೂಲ 'ಕುರುಡು' ಎಂಬರ್ಥದ ಶಬ್ದ. ಉಚ್ಚಾರಣೆ ಒಂದೇ, ಸಂಬಂಧ ಸೊನ್ನೆ. ಮೇವ್ ಮತ್ತು ಮಧು ಕೇಳಲು ಬೇರೆ ಬೇರೆ, ರಕ್ತ ಮಾತ್ರ ಒಂದೇ.

ಬಿಳಿ, ಕಪ್ಪು, ನೀಲಿ

ಹಳೆಯ ಐರಿಷ್ ಹೆಸರುಗಳಲ್ಲಿ ಬಣ್ಣಗಳು ಧಾರಾಳ. 'ಫಿನ್' ಎಂದರೆ ಬಿಳುಪು, ಬೆಳಕು. ಫಿನ್ನೂಲಾ ಎಂದರೆ 'ಬಿಳಿಯ ಭುಜದವಳು', ಮೊಟಕುಗೊಳಿಸಿದರೆ ನೂಲಾ. ಮಲತಾಯಿಯ ಮಾಟದಿಂದ ಹಂಸಗಳಾಗಿ 900 ವರ್ಷ ನೀರಿನ ಮೇಲೆ ಕಳೆದ ಲಿರ್‌ನ ಮಕ್ಕಳ ಕಥೆಯಲ್ಲಿ ತಮ್ಮಂದಿರನ್ನು ರೆಕ್ಕೆಯಡಿ ಕಾಯುವ ಅಕ್ಕ ಇವಳೇ. ರಾಣಿ ಮೇವ್‌ಳ ಮಗಳು ಫಿನ್ನಾವರ್. ಇದೇ ಹೆಸರಿನ ವೇಲ್ಸ್ ದೇಶದ ರೂಪ ಇಂಗ್ಲಿಷಿನಲ್ಲಿ ಗ್ವಿನೆವೀರ್ ಆಯಿತು, ಕಾರ್ನ್‌ವಾಲ್ ಸೀಮೆಯಲ್ಲಿ ಜೆನ್ನಿಫರ್ ಆಯಿತು. ಬೆಂಗಳೂರಿನ ಯಾವುದೇ ಕಾನ್ವೆಂಟ್ ಶಾಲೆಯ ಹಾಜರಿ ಪುಸ್ತಕದಲ್ಲಿ ಸಿಗುವ ಜೆನ್ನಿಫರ್, ಹೀಗೆ ನೋಡಿದರೆ, ಆ ಹೋರಿ ಕಾಳಗದ ರಾಜಕುಮಾರಿಯ ದಾಯಾದಿ.

ಬಿಳುಪಿಗೆ ಮಾತ್ರ ಮನ್ನಣೆಯಿತ್ತು ಎಂದುಕೊಳ್ಳಬೇಡಿ. 'ಕೀರ್' ಎಂದರೆ ಕಪ್ಪು. ಆ ಹೆಸರಿನ ಸಂತಳೂ ಇದ್ದಳು. ಇಂದಿನ ರೂಪ ಕೀರಾ. ನಮ್ಮ ಕೃಷ್ಣೆ, ಶ್ಯಾಮಲೆ, ಕರಿಯಮ್ಮನವರ ಸಾಲಿನಲ್ಲಿ ಅವಳು ಸಲೀಸಾಗಿ ಕೂರಬಲ್ಲಳು. 'ಗೊರಮ್' ಎಂದರೆ ನೀಲಿ. ಹೊಳಪಿನ, ಕೀರ್ತಿಯ ಅರ್ಥವೂ ಅದಕ್ಕಿತ್ತು. ಅದಕ್ಕೆ ಒಡೆತನ ಎಂಬರ್ಥದ ಶಬ್ದ ಸೇರಿ ಗೋರಮ್‌ಲಾ ಎಂಬ ರಾಣಿಯರ ಹೆಸರಾಯಿತು. ಆ ಹೆಸರಿನವರಲ್ಲಿ ಪ್ರಸಿದ್ಧಳು 1030ರಲ್ಲಿ ತೀರಿಕೊಂಡವಳು: 1014ರ ಕ್ಲೊಂಟಾರ್ಫ್ ಕದನದಲ್ಲಿ ಮಡಿದ ದೊರೆ ಬ್ರಿಯಾನ್ ಬೊರು ಆಕೆಯ ಗಂಡನಾಗಿದ್ದವನು, ಎದುರು ಪಾಳೆಯದ ಡಬ್ಲಿನ್ ದೊರೆ ಸಿಟ್ರಿಕ್ ಆಕೆಯ ಮಗ. ಅದೇ ಒಡೆತನದ ಶಬ್ದಕ್ಕೆ ಚಿನ್ನ ಸೇರಿದರೆ ಓರ್ಲಾ. ಬ್ರಿಯಾನ್ ಬೊರುವಿನ ತಾಯಿಯ ಹೆಸರು ಬೇವಿನ್. ಕನ್ನಡದ ಕಿವಿಗೆ ಕಹಿಯೆನಿಸಿದರೂ ಅರ್ಥ 'ಇಂಪಾದ ದನಿಯವಳು'. ನಮ್ಮ ಇಂಚರ ಎನ್ನಿ. ಶನಿಗ್ರಹದ ಪುಟ್ಟ ಉಪಗ್ರಹವೊಂದಕ್ಕೂ ಈಗ ಈ ಹೆಸರಿದೆ.

ನೀವ್ ಎಂದರೆ ಕಾಂತಿ. ಬಿಳಿ ಕುದುರೆಯೇರಿ ಬಂದು ಕವಿ ಅಶೀನ್‌ನನ್ನು ಮುಪ್ಪಿಲ್ಲದ ನಾಡಿಗೆ ಒಯ್ದವಳು. ಮೂರು ವರ್ಷ ಕಳೆಯಿತೆಂದು ಅವನು ಹಿಂದಿರುಗಿದರೆ ಇಲ್ಲಿ 300 ವರ್ಷ ಸಂದಿರುತ್ತವೆ. ಬ್ರಹ್ಮಲೋಕದಿಂದ ಮಗಳು ರೇವತಿಯೊಂದಿಗೆ ಮರಳಿದ ಅರಸನಿಗೆ ಯುಗಗಳೇ ಉರುಳಿಹೋಗಿದ್ದ ಪುರಾಣಕಥೆ ನೆನಪಾಗುತ್ತದೆ. ಅಂದಹಾಗೆ, ಈ ಅಶೀನ್ ಎಂದರೆ 'ಜಿಂಕೆಮರಿ'. ಮೇಲೆ ಹೇಳಿದ ಸಿಹಿಯ ಸೈವ್ ಅವನ ತಾಯಿ. ಮಂತ್ರವಾದಿ ಅವಳನ್ನು ಜಿಂಕೆಯಾಗಿಸಿದ್ದನು.

ಪುಟ್ಟ ಸೀಲ್ ಹೇಳಿದ ಕಾನೂನು

ಮುದ್ದಿಗಾಗಿ ಹೆಸರಿನ ಕೊನೆಗೆ 'ನತ್' ಎಂಬ ತುಣುಕನ್ನು ಸೇರಿಸುವುದು ಹಳೆಯ ಪದ್ಧತಿ. ಕೀರ್‌ನತ್ ಎಂದರೆ 'ಪುಟ್ಟ ಕರಿಯಳು'. ಕಮ್ಮಾರನೆಂಬ ಶಬ್ದಕ್ಕೆ ಅದನ್ನು ಸೇರಿಸಿ ಗುಬ್ನಿತ್. ಕಾರ್ಕ್ ಸೀಮೆಯಲ್ಲಿ ಜೇನುನೊಣಗಳನ್ನು ಕಾಯುವ ಸಂತಳೆಂದು ಇವಳಿಗೆ ಇಂದಿಗೂ ಹರಕೆ ಸಲ್ಲುತ್ತದೆ. ಆಕೆಯ ಕ್ಷೇತ್ರವಾದ ಬಾಲಿವೂರ್ನಿಯಲ್ಲಿ 1951ರಲ್ಲಿ ನಡೆದ ಉತ್ಖನನದಲ್ಲಿ ಕಬ್ಬಿಣದ ಕೆಲಸದ ಕುರುಹುಗಳೇ ಸಿಕ್ಕವು! ಹೆಸರು ಎಲ್ಲೋ ನೆಲದೊಳಗಿನದನ್ನೂ ನೆನಪಿಟ್ಟಿತ್ತು.

ರೋನ್ನತ್ ಎಂದರೆ 'ಪುಟ್ಟ ಸೀಲ್', ಕಡಲನಾಯಿಯ ಮರಿ. ಅಯೋನಾ ಮಠಾಧಿಪತಿ ಅಡೊಮ್ನಾನ್‌ನ ತಾಯಿ ಈಕೆ. 697ರಲ್ಲಿ ಬಿರ್ ಎಂಬಲ್ಲಿ ಸೇರಿದ ಸಭೆಯಲ್ಲಿ ಅಡೊಮ್ನಾನ್ ಒಂದು ಶಾಸನವನ್ನು ಹೊರಡಿಸಿದನು. ಯುದ್ಧದಲ್ಲಿ ಹೆಂಗಸರು, ಮಕ್ಕಳು, ಪಾದ್ರಿಗಳನ್ನು ಕೊಲ್ಲಬಾರದು ಎಂಬ ಅದಕ್ಕೆ ಅರಸರೂ ಮಠಾಧಿಪತಿಗಳೂ ಸೇರಿ 91 ಮಂದಿ ಜಾಮೀನು ನಿಂತರು. ನಂತರದ ಶತಮಾನಗಳಲ್ಲಿ ಅದಕ್ಕೆ ಸೇರಿಸಿದ ಪೀಠಿಕೆಯ ಪ್ರಕಾರ ಇದರ ಹಿಂದಿದ್ದವಳು ತಾಯಿ. ಮಗನ ಬೆನ್ನೇರಿ ರಣರಂಗ ದಾಟುವಾಗ ಕಂಡ ಹೆಂಗಸರ ಹೆಣಗಳು ಅವಳನ್ನು ಕಲಕಿದವು. ಹೆಂಗಸರನ್ನು ಇದರಿಂದ ಬಿಡಿಸುವವರೆಗೆ ಮಗನನ್ನು ಆಕೆ ಬಿಡಲಿಲ್ಲ. ಪೀಠಿಕೆ ಕಥೆಯೇ ಇರಬಹುದು, ಶಾಸನ ಮಾತ್ರ ಇತಿಹಾಸ.

ಹೆಂಗಸರ ಹೆಸರು ಉಳಿದದ್ದೇ ಒಂದು ಪವಾಡ ಎನ್ನಬೇಕು. ಸುಮಾರು 400 ಓಗಮ್ ಶಿಲಾಲೇಖಗಳಲ್ಲಿ ಇರುವುದು ಹೆಚ್ಚುಕಡಿಮೆ ಗಂಡಸರ ಹೆಸರುಗಳೇ. ವೇಲ್ಸ್‌ನ ಎಗ್ಲುಯಿಸ್ ಕಮ್ಮಿನ್‌ನಲ್ಲಿರುವ ಒಂದು ಕಲ್ಲು ಮಾತ್ರ 'ಕುನಿಗ್ನಿಯ ಮಗಳು' ಎಂದು ಒಬ್ಬ ಅವಿಟೋರಿಯಾಳನ್ನು ನೆನೆಯುತ್ತದೆ. ಹೆಂಗಸರಿಗಾಗಿಯೇ ಬರೆದ 'ಬನ್‌ಹನಖಸ್' ಎಂಬ ಕೃತಿಯೂ ಇದೆ. ಅದರ ಪದ್ಯರೂಪ 1147ರದು. ಯಾರ ಮಗಳು, ಯಾರ ಹೆಂಡತಿ, ಯಾರ ತಾಯಿ ಎಂಬ ವಿವರಗಳ ಉದ್ದ ಪಟ್ಟಿ.

ಮದುವೆಯೊಂದರ ನಂತರ

1152ರಲ್ಲಿ ಲೆನ್‌ಸ್ಟರ್‌ನ ದೊರೆ ಡೀರ್ಮಿಡ್ ಮ್ಯಾಕ್ ಮುರಾ ನೆರೆಯ ದೊರೆಯ ಹೆಂಡತಿ ಡೆರ್ವರ್‌ಗಿಲಾಳನ್ನು ಒಯ್ದನು. 'ಡೆರ್' ತುಣುಕಿನ ಇನ್ನೊಂದು ಹೆಸರಿದು. ನಾರ್ಮನ್ನರು ಐರ್ಲೆಂಡಿಗೆ ಬಂದದ್ದಕ್ಕೆ ಈಕೆಯೇ ಕಾರಣ ಎಂದು ದೂರುವ ಪರಿಪಾಠ ಬೆಳೆಯಿತು. ಅವನು ರಾಜ್ಯ ಕಳೆದುಕೊಂಡು ಇಂಗ್ಲೆಂಡಿನ ದೊರೆಯ ಮೊರೆಹೊಕ್ಕದ್ದು 1166ರಲ್ಲಿ. ನಡುವಿನ 14 ವರ್ಷಗಳನ್ನು ದೂರುವವರು ಎಣಿಸುವುದಿಲ್ಲ. 1170ರಲ್ಲಿ ವಾಟರ್‌ಫೋರ್ಡಿನಲ್ಲಿ ಅವನ ಮಗಳು ಈಫಾಳ ಮದುವೆ ನಾರ್ಮನ್ ಸರದಾರ ಸ್ಟ್ರಾಂಗ್‌ಬೋ ಜೊತೆಗೆ ನಡೆಯಿತು. ಕಾಂತಿ, ಚೆಲುವು ಎಂಬರ್ಥಕ್ಕೆ ಜೋಡಿಸುವ ಈಫಾ ಹೆಸರು ಇಂಗ್ಲಿಷ್ ಬರಹಗಳಲ್ಲಿ ಈವಾ ಆಯಿತು.

ನಾರ್ಮನ್ನರ ಹಿಂದೆಯೇ ಅವರ ಹೆಸರುಗಳೂ ಬಂದವು. ಇಂದು ಅಚ್ಚ ಐರಿಷ್ ಎನಿಸುವ ಶಿವಾನ್ ಮತ್ತು ಶಿನೇಡ್ ಮೂಲತಃ ಫ್ರೆಂಚಿನ ಜೆಹಾನ್, ಜೆಹಾನೆಟ್. ಕಾತ್ಲೀನ್ ಎಂಬುದು ಕ್ಯಾಥರೀನ್. 2023ರ ಜುಲೈನಲ್ಲಿ ನಿಧನರಾದ ಗಾಯಕಿ ಶಿನೇಡ್ ಓಕಾನರ್ ಅವರ ಹೆಸರು ಐರ್ಲೆಂಡಿಗೆ ಸೇರಿದ್ದರಲ್ಲಿ ಅನುಮಾನವಿಲ್ಲ, ಆದರೆ ಅದು ಹಳೆಯ ಐರಿಷ್ ಹೆಸರಲ್ಲ. ಹಾಗೆ ನೋಡಿದರೆ ಗಾಯಕಿ ಎನ್ಯಾರದೇ ಹಳೆಯದು. ಸಂತ ಕೊಲಂಬಾನ ತಾಯಿಯ ಹೆಸರೂ ಆಗಿದ್ದ 'ಎಥ್ನೆ', ಅಂದರೆ ತಿರುಳು, ಉತ್ತರದ ಉಚ್ಚಾರಣೆಯಲ್ಲಿ ಎನ್ಯಾ ಆಗಿದೆ.

ಇಂಗ್ಲಿಷ್ ಆಳ್ವಿಕೆಯಲ್ಲಿ ಹೆಸರುಗಳಿಗೆ ಬಂದ ಗತಿ ಬೇರೆ. 1366ರ ಕಿಲ್ಕೆನಿ ಶಾಸನಗಳು ಐರ್ಲೆಂಡಿನಲ್ಲಿ ನೆಲೆಸಿದ ಇಂಗ್ಲಿಷರು ಐರಿಷ್ ರೀತಿಯ ಹೆಸರು ಇಟ್ಟುಕೊಳ್ಳಬಾರದೆಂದವು. ಮುಂದೆ ಐರಿಷರ ಹೆಸರುಗಳೇ ಕಡತಗಳಲ್ಲಿ ಬೇರೆಯಾದವು. ಅನುವಾದವಲ್ಲ, ಬದಲಾವಣೆ: ಬೆಳಕಿನ 'ಸೊರಖಾ' ಸಾರಾ ಆದಳು, 'ಗ್ರಾನ್ಯಾ' ಗ್ರೇಸ್ ಆದಳು, ಫಿನ್ನೂಲಾ ಪೆನೆಲೊಪಿ ಆದಳು. ಗುಬ್ನಿತ್ ಡೆಬೊರಾ ಆದದ್ದರ ಹಿಂದೆ ಒಂದು ಜಾಣತನವಿದೆ ಎನ್ನುತ್ತಾರೆ. ಹೀಬ್ರೂವಿನಲ್ಲಿ ಆ ಹೆಸರಿಗೆ ಜೇನುನೊಣ ಎಂದರ್ಥ. 1593ರಲ್ಲಿ ಗ್ರೀನಿಚ್ ಅರಮನೆಯಲ್ಲಿ ಒಂದನೆಯ ಎಲಿಜಬೆತ್ ರಾಣಿಯೆದುರು ನಿಂತ ಪಶ್ಚಿಮ ಕರಾವಳಿಯ ಹಡಗುಗಳ ಒಡತಿ ಗ್ರಾನ್ಯಾ ನೀ ವಾಲ್ಯಾ ಇಂಗ್ಲಿಷ್ ಇತಿಹಾಸದಲ್ಲಿ ಗ್ರೇಸ್ ಓಮ್ಯಾಲಿ. ಬ್ರಿಜಿಡ್‌ಳ ಪಾಡು ಎಲ್ಲಕ್ಕಿಂತ ಕರುಣಾಜನಕ. ದೇವತೆಯ, ಸಂತಳ ಆ ಹೆಸರು 19ನೇ ಶತಮಾನದ ಅಮೆರಿಕದಲ್ಲಿ ಬ್ರಿಜೆಟ್, ಬಿಡ್ಡಿ ಎಂದಾಗಿ ಮನೆಗೆಲಸದ ಐರಿಷ್ ಹುಡುಗಿಗೆ ಸಾಮಾನ್ಯ ನಾಮವಾಯಿತು. ಆ ಹುಡುಗಿಯರು ಅಲ್ಲಿ ಹುಟ್ಟಿದ ತಮ್ಮ ಮಕ್ಕಳಿಗೆ ಆ ಹೆಸರಿಡಲು ಹಿಂದೆಗೆದರೆ ಯಾರು ತಪ್ಪೆಂದಾರು?

ಮರಳಿ ಬಂದವರು, ಹೊಸದಾಗಿ ಹುಟ್ಟಿದವರು

1893ರಲ್ಲಿ ಗೇಲಿಕ್ ಲೀಗ್ ಸ್ಥಾಪನೆಯಾದ ಬಳಿಕ ಹಳೆಯ ಹೆಸರುಗಳು ತೊಟ್ಟಿಲಿಗೆ ಮರಳತೊಡಗಿದವು. ಸ್ಲೈಗೋದ ಶ್ರೀಮಂತ ಮನೆತನದಲ್ಲಿ ಬೆಳೆದು ಮುಂದೆ ಕ್ರಾಂತಿಕಾರಿಣಿಯಾದ ಕಾನ್‌ಸ್ಟೆನ್ಸ್ ಮಾರ್ಕಿಯೆವಿಚ್ 1901ರಲ್ಲಿ ಹುಟ್ಟಿದ ಮಗಳಿಗೆ ಮೇವ್ ಎಂದೇ ಹೆಸರಿಟ್ಟರು. ಡೀರ್ಡ್ರೆಯ ಕಥೆ ಪ್ರಾಚೀನ; ಹುಟ್ಟುವ ಮೊದಲೇ ಗರ್ಭದಲ್ಲಿ ಚೀರಿ ಸಭೆಯನ್ನು ನಡುಗಿಸಿದ ದುರಂತ ಸುಂದರಿ ಆಕೆ. ಆದರೆ ಹೆಣ್ಣುಮಕ್ಕಳಿಗೆ ಆ ಹೆಸರಿಡುವುದು ರೂಢಿಗೆ ಬಂದದ್ದು ಯೇಟ್ಸ್‌ನ 1907ರ ಮತ್ತು ಸಿಂಜ್‌ನ 1910ರ ನಾಟಕಗಳ ನಂತರವೇ. ಆ ಹೆಸರಿನ ವ್ಯುತ್ಪತ್ತಿಯ ಬಗ್ಗೆ ವಿದ್ವಾಂಸರು ಇನ್ನೂ ಒಮ್ಮತಕ್ಕೆ ಬಂದಿಲ್ಲ. 'ದುಃಖ' ಎಂಬ ಅರ್ಥ ಕಥೆಯಿಂದ ಬಂದು ಹೆಸರಿಗೆ ಅಂಟಿಕೊಂಡದ್ದು.

ಕೆಲವು ಹೆಸರುಗಳು ಹಳೆಯ ವೇಷ ತೊಟ್ಟ ಹೊಸಬರು. ಫಿಯೋನಾ ಸ್ಕಾಟ್ಲೆಂಡಿನ ಲೇಖಕರ ಲೇಖನಿಯಿಂದ ಬಂದದ್ದು; 1890ರ ದಶಕದಲ್ಲಿ ವಿಲಿಯಂ ಶಾರ್ಪ್ ಎಂಬಾತ ಫಿಯೋನಾ ಮೆಕ್ಲೌಡ್ ಎಂಬ ಗುಪ್ತನಾಮದಲ್ಲಿ ಬರೆದು ಅದನ್ನು ಪ್ರಸಿದ್ಧಿಗೆ ತಂದನು. ಎರಿನ್ ಮತ್ತು ಕೊಲೀನ್ ವಲಸೆ ಹೋದವರ ಪ್ರೀತಿಯ ಸೃಷ್ಟಿಗಳು. 'ಬ್ರೂಕ್ಲಿನ್' ಚಿತ್ರದ ನಟಿ ಸರ್ಷಾ ರೋನನ್ ಅವರ ಹೆಸರು ಐರಿಷ್ ಭಾಷೆಯಲ್ಲಿ 'ಸ್ವಾತಂತ್ರ್ಯ' ಎಂಬ ಶಬ್ದ. ವ್ಯಕ್ತಿನಾಮವಾಗಿ ಅದು 20ನೇ ಶತಮಾನದ್ದು. 2021ರಲ್ಲಿ ಐರ್ಲೆಂಡಿನ ಹೆಣ್ಣು ಶಿಶುಗಳಿಗೆ ಅತಿ ಹೆಚ್ಚು ಇಟ್ಟ ಹೆಸರು ಫೀಆ. ಕಾಡಿನ, ಜಿಂಕೆಯ ಅರ್ಥದ ಹಳೆಯ ಶಬ್ದದಿಂದ ಈಚೆಗೆ ಮಾಡಿಕೊಂಡ ಹೊಸ ಹೆಸರು.

ಓದುವ ಕಷ್ಟ ಇದ್ದೇ ಇದೆ. ಡಬ್ಲಿನ್ನಿನಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳು ಶಾಲೆಯಲ್ಲಿ ಮೊದಲು ಕಲಿಯುವ ಪಾಠಗಳಲ್ಲಿ ಇದೂ ಒಂದಿರಬೇಕು. ಎನ್, ಐ, ಎ, ಎಂ, ಎಚ್ ಎಂದು ಬರೆದು ನೀವ್ ಎನ್ನುತ್ತಾರೆ. ನಮಗೆ ಎಚ್ ಸೇರಿದರೆ ಅಕ್ಷರ ಮಹಾಪ್ರಾಣ. ಅವರಲ್ಲಿ ಎಚ್ ಸೇರಿದರೆ ಅಕ್ಷರ ಮೆತ್ತಗಾಗುತ್ತದೆ. ಬಿ ಮತ್ತು ಎಂ ಅಕ್ಷರಗಳು ವಕಾರದತ್ತ ಸರಿಯುತ್ತವೆ, ಎಫ್ ಮಾಯವೇ ಆಗುತ್ತದೆ. ಸ್ವರದ ಮೇಲೆ ಹಾಕುವ ಓರೆ ಗೆರೆಗೆ ಅವರು 'ಫಾದಾ' ಎನ್ನುತ್ತಾರೆ. ಅರ್ಥ ನಮ್ಮ 'ದೀರ್ಘ' ಎಂದೇ. ಕಂಪ್ಯೂಟರುಗಳು ಆ ಗೆರೆಯನ್ನು ನುಂಗಿ ಹಾಕುತ್ತವೆ ಎಂಬುದು ಅಲ್ಲಿನ ಬಹುಕಾಲದ ದೂರು. ಇಂಗ್ಲಿಷ್ ಅಕ್ಷರಗಳಲ್ಲಿ ರಾಮನೂ ರಮಾಳೂ ಒಂದೇ ಆಗುವ ಫಜೀತಿ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಸಾರ್ವಜನಿಕ ಸಂಸ್ಥೆಗಳು ಐರಿಷ್ ಹೆಸರುಗಳನ್ನು ಫಾದಾ ಸಮೇತ ಸರಿಯಾಗಿ ದಾಖಲಿಸಬೇಕೆಂಬ ಅಂಶವನ್ನು ಐರ್ಲೆಂಡ್ 2021ರ ಅಧಿಕೃತ ಭಾಷೆಗಳ ತಿದ್ದುಪಡಿ ಕಾಯ್ದೆಯಲ್ಲಿ ಸೇರಿಸಿತು.